ಸಿಂಗಳೀಕ ಉತ್ಸವಮೂರ್ತಿ, ಕಾನು ಮೂಲಮೂರ್ತಿ

ಸಾಗರದಿಂದ ಹೊನ್ನಾವರಕ್ಕೆ ಇಳಿಯುವ ರಸ್ತೆಯಲ್ಲಿ ಮಾವಿನಗುಂಡಿ ದಾಟಿದ ಮೇಲೆ ಮಲೆಮನೆ ಘಟ್ಟ ಸಿಗುತ್ತದೆ. ಅಲ್ಲೊಂದು ತಿರುವಿನಲ್ಲಿ ಸಿಂಗಳೀಕದ ಚಿತ್ರವಿರುವ ಫಲಕ. ಕಪ್ಪು ಮುಖ, ಮುಖದ ಸುತ್ತ ಬೆಳ್ಳಿಬಣ್ಣದ ಕೇಸರ, ಕೆಳಗೆ ಆಹಾರ ಕೊಡಬೇಡಿ ಎಂಬ ಸಾಲು. ಕಳೆದ ಜುಲೈನಲ್ಲಿ ಮಾವನ ಬೈಕಿನ ಹಿಂದೆ ಕೂತು ಹೋಗುತ್ತಿದ್ದೆ. ಫಲಕದ ಬುಡದಲ್ಲೇ ಕಾರೊಂದು ನಿಂತಿತ್ತು. ಕಿಟಕಿಯಿಂದ ಚಾಚಿದ ಕೈಯಲ್ಲಿ ಚಿಪ್ಸ್ ಪೊಟ್ಟಣ. ಹೊಟ್ಟೆಗೆ ಮರಿ ಅವುಚಿಕೊಂಡಿದ್ದ ತಾಯಿ ಸಿಂಗಳೀಕ ರಸ್ತೆಗಿಳಿದು ಬಂತು, ಪೊಟ್ಟಣ ಕಸಿದು ಹಲ್ಲಿನಿಂದ ಹರಿಯಿತು, ಒದ್ದೆ ಡಾಂಬರಿನ ಮೇಲೆ ಚೆಲ್ಲಿದ ಚೂರುಗಳನ್ನು ಒಂದೊಂದಾಗಿ ಹೆಕ್ಕತೊಡಗಿತು. ಅದರ ಬೆರಳುಗಳನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಕಪ್ಪಗೆ, ತೆಳ್ಳಗೆ, ಅಡಿಕೆ ಸುಲಿಯುವ ಅಜ್ಜಿಯ ಬೆರಳುಗಳ ಹಾಗೆ ಚುರುಕಾಗಿದ್ದವು. ಎದುರಿನಿಂದ ಲಾರಿ ಹಾರ್ನ್ ಹೊಡೆದಾಗಲೂ ಅದು ತಲೆ ಎತ್ತಲಿಲ್ಲ.

ಮರದ ತುದಿಯನ್ನು ಬಿಟ್ಟು ಕೆಳಗಿಳಿಯಲು ಹೆದರಬೇಕಾದ ಪ್ರಾಣಿ ಅದು. ನಮ್ಮ ಮನೆಯಲ್ಲಿ ಹಿರಿಯರು ಸಿಂಗಳೀಕ ಕಂಡೆವು ಅನ್ನುತ್ತಿದ್ದುದೇ ಅಪರೂಪಕ್ಕೆ, ಅದೂ ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣು ಕೊಯ್ಯಲು ಘಟ್ಟದಂಚಿಗೆ ಹೋಗಿದ್ದಾಗ. ಈಗ ಫಲಕದ ಮೇಲೂ ಅದೇ, ಫಲಕದ ಕೆಳಗೂ ಅದೇ.

ಮಾವ ಕಾರಿನವರ ಹತ್ತಿರ ನಾಲ್ಕು ಮಾತಾಡಿ ಬಂದರು. ಬೈಕು ಹೊರಟ ಮೇಲೆ ನನ್ನ ಕಡೆಗೂ ತಿರುಗಿದರು. “ತಮಾ, ನೀ ಪ್ಯಾಟೆಲಿ ಕೂತ್ಕಂಡು ಮಂಗನ್ನ ಉಳಸವು ಹೇಳಿ ಬರೀತೆ. ಇಲ್ಲಿ ಬಂದು ಒಂದು ವರ್ಷ ತೋಟ ಕಾಯಿ ನೋಡನ.”

ನಾನು ಬರೆಯುತ್ತೇನೆ ಎನ್ನುವುದು ನಿಜ. ಹತ್ತು ವರ್ಷಗಳಿಂದ ಅಘನಾಶಿನಿ ಕಣಿವೆಯ ಬಗ್ಗೆ ಎಲ್ಲಿ ಬರೆದರೂ ಮೊದಲು ಹಾಕುವ ಚಿತ್ರ ಸಿಂಗಳೀಕದ್ದೇ. ಆ ಮುಖ ಕಂಡರೆ ಜನ ನಿಂತು ಓದುತ್ತಾರೆ. ಜಡ್ಡಿಯ ಕೆಸರು, ಕಪ್ಪೆಯ ಮೊಟ್ಟೆ, ರಾಮಪತ್ರೆಯ ಬೇರು ಹಾಕಿದರೆ ಯಾರೂ ನಿಲ್ಲುವುದಿಲ್ಲ. ಫ್ಲ್ಯಾಗ್‌ಶಿಪ್ ಪ್ರಭೇದ ಅಂತ ವಿಜ್ಞಾನಿಗಳು ಕರೆಯುವುದು ಇದನ್ನೇ. ಕಾಡಿನ ಪರವಾಗಿ ಜನರ ಮುಂದೆ ಬಂದು ನಿಲ್ಲುವ ಪ್ರಾಣಿ. ನನಗೆ ಮಾತ್ರ ಆ ಪದಕ್ಕಿಂತ ನಮ್ಮ ದೇವಸ್ಥಾನಗಳ ಮಾತೇ ಹತ್ತಿರ. ಗರ್ಭಗುಡಿಯ ಮೂಲಮೂರ್ತಿ ಕದಲುವುದಿಲ್ಲ, ಎಲ್ಲರಿಗೂ ಕಾಣಸಿಗುವುದೂ ಇಲ್ಲ. ಹಾಗಾಗಿ ಉತ್ಸವಮೂರ್ತಿ ಪಲ್ಲಕ್ಕಿ ಏರಿ ಬೀದಿಗೆ ಬರುತ್ತದೆ. ಕೈಮುಗಿಯುವವರು ಅದಕ್ಕೇ ಕೈಮುಗಿಯುತ್ತಾರೆ, ಕಾಣಿಕೆ ಅದರ ಮುಂದೆಯೇ ಬೀಳುತ್ತದೆ. ಆದರೆ ದೀಪ ಉರಿಯಬೇಕಾದದ್ದು ಒಳಗೆ.

ನಮ್ಮ ಕಣಿವೆಯಲ್ಲಿ ಉತ್ಸವಮೂರ್ತಿ ಸಿಂಗಳೀಕ. ಮೂಲಮೂರ್ತಿ ಕಾನು, ಅಂದರೆ ಸದಾ ಹಸಿರಾಗಿರುವ ದಟ್ಟ ಕಾಡು.

ಸಿಂಗಳೀಕ ಜಗತ್ತಿನಲ್ಲಿ ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಕೇರಳ, ತಮಿಳುನಾಡು, ಕರ್ನಾಟಕದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಎಲ್ಲ ಸೇರಿ ನಾಲ್ಕು ಸಾವಿರದ ಒಳಗೇ ಉಳಿದಿರಬಹುದು ಎಂಬ ಅಂದಾಜಿದೆ. ಬಾಲದ ತುದಿಯಲ್ಲಿ ಸಿಂಹದ ಬಾಲದಂತೆ ಕುಚ್ಚು. ಹೆಣ್ಣಿಗೆ ಒಂದು ಮರಿಗೂ ಇನ್ನೊಂದು ಮರಿಗೂ ನಡುವೆ ಎರಡು ವರ್ಷಕ್ಕಿಂತ ಹೆಚ್ಚಿನ ಅಂತರ. ಕಾಡಿನ ಮೇಲ್ಚಾವಣಿ ತುಂಡಾದರೆ ಗುಂಪೂ ತುಂಡಾಗುತ್ತದೆ. ಕೊಂಬೆಗೆ ಕೊಂಬೆ ಕೂಡದ ಕಡೆ ಅದಕ್ಕೆ ದಾರಿಯಿಲ್ಲ. ವರ್ಷದ ಹನ್ನೆರಡು ತಿಂಗಳೂ ಒಂದಲ್ಲ ಒಂದು ಮರ ಹಣ್ಣು ಬಿಡಬೇಕು, ಅಂದರೆ ಹತ್ತಾರು ಜಾತಿಯ ಮರಗಳು ಒಟ್ಟಿಗಿರಬೇಕು. ಸಿಂಗಳೀಕದ ಗುಂಪು ನೆಮ್ಮದಿಯಾಗಿದೆ ಎಂದರೆ ಕಾನು ಇನ್ನೂ ಕಾನಾಗಿಯೇ ಇದೆ ಎಂದು ಅರ್ಥ. ಎಲ್ಲ ಚೆಂದದ ಪ್ರಾಣಿಗಳ ಬಗ್ಗೆ ಈ ಮಾತು ಹೇಳಲಾಗುವುದಿಲ್ಲ. ನವಿಲು ಊರಿನ ಹಿತ್ತಿಲಲ್ಲೂ ಬದುಕುತ್ತದೆ. ನವಿಲು ಕಂಡಿತು ಅಂದಮಾತ್ರಕ್ಕೆ ಕಾಡು ಕ್ಷೇಮವಾಗಿದೆ ಎನ್ನಲಾದೀತೇ?

ಈ ಪ್ರಾಣಿಯ ಹೆಸರು ಮೊದಲು ದೇಶದ ಬಾಯಿಗೆ ಬಂದದ್ದು ಕೇರಳದಲ್ಲಿ. ಸೈಲೆಂಟ್ ವ್ಯಾಲಿಯ ಕುಂತಿಪ್ಪುಳ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ಮಾಡುವ ಯೋಜನೆಗೆ 1970ರ ದಶಕದ ಕೊನೆಯಲ್ಲಿ ವಿರೋಧ ಎದ್ದಿತು. ಶಾಲಾ ಮೇಷ್ಟ್ರುಗಳು, ಕವಿಗಳು, ಜನರಿಗೆ ವಿಜ್ಞಾನ ತಲುಪಿಸುವ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಊರೂರು ತಿರುಗಿದರು. ಮನುಷ್ಯರಿಗಿಂತ ಮಂಗ ದೊಡ್ಡದೇ ಎಂಬ ಪ್ರಶ್ನೆ ಆಗಲೂ ಬಂತು. ಕಡೆಗೆ ಯೋಜನೆ ಕೈಬಿಟ್ಟು 1984ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಮಂಗನ ಹೆಸರಿನಲ್ಲಿ ಒಂದಿಡೀ ಕಣಿವೆಯೇ ಉಳಿಯಿತು, ನದಿಯೂ ಉಳಿಯಿತು.

ನಮ್ಮಲ್ಲಿ ಅದು ತಡವಾಗಿ ಆಯಿತು. ಸಿಂಗಳೀಕದ ಉತ್ತರದ ತುದಿಯ ನೆಲೆ ಇದು. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್, ಎಚ್.ಎನ್. ಕುಮಾರ ಮತ್ತು ಜೊತೆಗಾರರು 2000ರ ದಶಕದಲ್ಲಿ ಶಿರಸಿ–ಹೊನ್ನಾವರ ಕಾಡುಗಳನ್ನು ನಡೆದು ನೋಡಿ 30ಕ್ಕೂ ಹೆಚ್ಚು ಗುಂಪುಗಳನ್ನು ಗುರುತಿಸಿದರು. ಯಾವ ಅಭಯಾರಣ್ಯದ ಗಡಿಯೊಳಗೂ ಇಲ್ಲದ ಕಾಡಿನಲ್ಲಿ ಇಷ್ಟೊಂದು ಸಿಂಗಳೀಕ ಇರುವುದು ಹೊರಗಿನವರಿಗೆ ಅಚ್ಚರಿ. ಅದರ ಬಲದ ಮೇಲೆಯೇ 2011ರಲ್ಲಿ 299.52 ಚದರ ಕಿಲೋಮೀಟರಿನ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಪಶ್ಚಿಮಘಟ್ಟ ಕಾರ್ಯಪಡೆ ಆಗ ಕೆಲಸ ಮಾಡುತ್ತಿದ್ದ ಕಾಲ. ಸಂರಕ್ಷಣಾ ಮೀಸಲು ಅಂದರೆ ಅಭಯಾರಣ್ಯದಷ್ಟು ಬಿಗಿಯಲ್ಲ. ಜನರ ಹಕ್ಕುಗಳನ್ನು ಉಳಿಸಿಕೊಂಡೇ ಕಾಡು ಕಾಯುವ ಏರ್ಪಾಡು. ತೋಟಕ್ಕೆ ಸೊಪ್ಪು ತರುವ ಬೆಟ್ಟವೂ ಇತ್ತು, ಉಪ್ಪಾಗೆಯೂ ಇತ್ತು, ಸಿಂಗಳೀಕವೂ ಇತ್ತು. ನನಗೆ ಇವತ್ತಿಗೂ ಅದು ನಮ್ಮ ಕಣಿವೆಗೆ ಒಪ್ಪುವ ಏರ್ಪಾಡು ಅನ್ನಿಸುತ್ತದೆ.

ಉಪ್ಪಾಗೆಯ ಕಥೆ ಇಲ್ಲಿ ಹೇಳಲೇಬೇಕು. ನಮಗದು ಮನೆಯ ಮರ. ಬೀಜದ ತುಪ್ಪ ಹಚ್ಚಿದ ತೆಳ್ಳೇವಿನ, ಅಂದರೆ ತೆಳುದೋಸೆಯ, ರುಚಿ ಗೊತ್ತಿದ್ದವರಿಗೇ ಗೊತ್ತು. ಸಿಪ್ಪೆಯನ್ನು ಹುಳಿಗೆ ಒಣಗಿಸಿ ಇಡುತ್ತಿದ್ದೆವು. 1990ರ ದಶಕದಲ್ಲಿ ಅದೇ ಸಿಪ್ಪೆಗೆ ತೂಕ ಇಳಿಸುವ ಔಷಧಿಯ ಪೇಟೆ ಸಿಕ್ಕಿ ಬೆಲೆ ಏರಿತು. ಹಣ್ಣಾಗುವ ತನಕ ಕಾದರೆ ಬೇರೆಯವರು ಕೊಯ್ಯುತ್ತಾರೆಂದು ಕಾಯಿ ಇರುವಾಗಲೇ ಕೊಯ್ದರು, ಟೊಂಗೆಯನ್ನೇ ಕಡಿದು ಕೆಡವಿದ್ದೂ ಉಂಟು. ಸುರಿವ ಮಳೆಯಲ್ಲಿ ಸಿಪ್ಪೆ ಒಣಗಿಸಲು ಹಗಲೂ ರಾತ್ರಿ ಒಲೆ ಉರಿಯಬೇಕು. ಅದಕ್ಕೆ ಮತ್ತೆ ಕಾಡಿನದೇ ಕಟ್ಟಿಗೆ. ಚಿಕ್ಕವನಿದ್ದಾಗ ಆ ಹೊಗೆಯ ಮಾಡಿನಡಿ ಕಣ್ಣುರಿಸಿಕೊಂಡು ಕೂತದ್ದು ನೆನಪಿದೆ. ಉಪ್ಪಾಗೆ ಸಿಂಗಳೀಕದ ಊಟವೂ ಹೌದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದು ಗೊತ್ತಾದ ಮೇಲೆ ಊರಿನ ಕೆಲವರು ಮರಕ್ಕಿಷ್ಟು ಹಣ್ಣು ಬಿಟ್ಟು ಕೊಯ್ಯತೊಡಗಿದರು. ಕಾಡು ಉಳಿಸಿ ಎಂದು ಯಾರು ಎಷ್ಟು ಸಲ ಹೇಳಿದ್ದರೂ ಆಗದ ಕೆಲಸ ಅದು. ಒಂದು ಮುಖ ಕಣ್ಣೆದುರು ಬಂದದ್ದಕ್ಕೆ, ಅದಕ್ಕೂ ಹಸಿವಿದೆ ಅನ್ನಿಸಿದ್ದಕ್ಕೆ ಆಯಿತು. ಇಂಥ ಪ್ರಾಣಿಯ ಶಕ್ತಿಯನ್ನು ನಾನು ನಂಬುವುದು ಇದಕ್ಕಾಗಿ.

ಆದರೆ 2019ರಲ್ಲಿ ಈ ಮೀಸಲು ಪ್ರದೇಶ, ಹಳೆಯ ಶರಾವತಿ ಕಣಿವೆ ಅಭಯಾರಣ್ಯ, ಇನ್ನಷ್ಟು ಮೀಸಲು ಅರಣ್ಯ ಎಲ್ಲ ಸೇರಿ ಸುಮಾರು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ನಕ್ಷೆಯ ಮೇಲೆ ನೋಡಿದರೆ ಸಂತೋಷಪಡಬೇಕಾದ ಸುದ್ದಿಯೇ. ಊರಲ್ಲಿ ಮಾತ್ರ ಸಂತೋಷ ಇರಲಿಲ್ಲ. ನಾಳೆ ಬೆಟ್ಟದ ಸೊಪ್ಪು ತರಬಹುದೋ ಇಲ್ಲವೋ, ಉಪ್ಪಾಗೆ ಕೊಯ್ದರೆ ಕೇಸು ಬೀಳುತ್ತದೋ ಎಂಬ ಹೆದರಿಕೆ. ಮಾವ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ಮಂಗ ಉಳತ್ತು, ಯಂಗ?” ಸಿಂಗಳೀಕ ಉಳಿಯಿತು, ನಾವು? ನನ್ನಲ್ಲಿ ಉತ್ತರ ಇರಲಿಲ್ಲ. ಎರಡು ವರ್ಷ ಮೊದಲು ಹಣ್ಣು ಬಿಟ್ಟು ಕೊಯ್ಯುತ್ತಿದ್ದವರೇ ಸಿಂಗಳೀಕದ ಹೆಸರೆತ್ತಿದರೆ ಮುಖ ತಿರುಗಿಸತೊಡಗಿದ್ದನ್ನು ನೋಡಿದೆ.

ಮಾವನ ಸಿಟ್ಟಿಗೆ ಇನ್ನೂ ಕಾರಣಗಳಿವೆ. ನಮ್ಮ ಕಡೆ ಮಂಗ ಅಂದರೆ ತೋಟದ ಶತ್ರು. ಕೆಂಪು ಮಂಗಗಳ ಹಿಂಡು ಒಂದು ಮಧ್ಯಾಹ್ನದಲ್ಲಿ ಬಾಳೆಗೊನೆ, ಏಲಕ್ಕಿ, ಎಳೆ ಅಡಿಕೆ ಎಲ್ಲ ಮುಗಿಸುತ್ತದೆ. ಜೊತೆಗೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಆ ಜ್ವರ ಇವತ್ತಿಗೂ ಬೇಸಿಗೆ ಬಂತೆಂದರೆ ನಮ್ಮ ತಾಲ್ಲೂಕಿನಲ್ಲಿ ಮನೆಮನೆಯ ಭಯ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂದರೆ ಜ್ವರ ಹರಡುವ ಉಣುಗು ಹತ್ತೀತೆಂದು ಆ ದಾರಿಯನ್ನೇ ಬಿಡುತ್ತೇವೆ. ಇಂಥ ನೆಲದಲ್ಲಿ ಒಂದು ಮಂಗವನ್ನೇ ಪಲ್ಲಕ್ಕಿಯಲ್ಲಿ ಕೂರಿಸುವುದು ಸುಲಭದ ಮಾತಲ್ಲ. ಸಿಂಗಳೀಕ ಬೇರೆ, ತೋಟ ಹಾಳುಮಾಡುವ ಮಂಗ ಬೇರೆ ಎಂದು ಪೇಟೆಯ ಓದುಗರಿಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ರಾತ್ರಿ ಡಬ್ಬಿ ಬಡಿಯುತ್ತ ತೋಟ ಕಾಯುವವರಿಗೆ ಅದನ್ನು ಹೇಳಬೇಕಾದರೆ ಅವರ ನಷ್ಟದ ಮಾತನ್ನು ಮೊದಲು ಪೂರ್ತಿ ಕೇಳಿಸಿಕೊಳ್ಳಬೇಕು. ಅಷ್ಟು ಕೂತು ಕೇಳಿದವರು ಕಡಿಮೆ, ನಾನೂ ಸೇರಿ.

ಪ್ರಾಣಿಯೊಂದನ್ನು ಮುಂದಿಟ್ಟು ನಿಸರ್ಗಕ್ಕೆ ಹಣ ಮತ್ತು ಮನಸ್ಸು ಕೂಡಿಸುವ ಈ ದಾರಿಯ ದೊಡ್ಡ ಉದಾಹರಣೆ ಪಾಂಡಾ. 1961ರಲ್ಲಿ ವನ್ಯಜೀವಿಗಳಿಗಾಗಿ ಡಬ್ಲ್ಯುಡಬ್ಲ್ಯುಎಫ್ ಎಂಬ ಸಂಸ್ಥೆ ಹುಟ್ಟಿದಾಗ ಲಂಡನ್ ಮೃಗಾಲಯಕ್ಕೆ ಬಂದಿದ್ದ ಚಿ ಚಿ ಎಂಬ ಪಾಂಡಾವನ್ನು ನೋಡಿ ಲಾಂಛನ ಬರೆದರು. ಕಪ್ಪು ಬಿಳುಪಿನಲ್ಲೇ ಅಚ್ಚು ಹಾಕಬಹುದಾದ್ದರಿಂದ ಖರ್ಚೂ ಕಡಿಮೆ. ಚೀನಾ ಪಾಂಡಾಗಳಿಗಾಗಿ ಹತ್ತಾರು ರಕ್ಷಿತ ಅರಣ್ಯಗಳನ್ನು ಮಾಡಿತು. ಫಲವೂ ಸಿಕ್ಕಿತು: 2016ರಲ್ಲಿ ಪಾಂಡಾ ಅಳಿವಿನಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಸುರಕ್ಷಿತ ಕಡೆಗೆ ಬಂತು. ಆದರೆ 2020ರಲ್ಲಿ ಬಂದ ಒಂದು ಅಧ್ಯಯನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಪಾಂಡಾ ಅರಣ್ಯಗಳಲ್ಲಿ 1960ರ ದಶಕದಿಂದೀಚೆಗೆ ಶೇ 81ರಷ್ಟು ಕಡೆಗಳಿಂದ ಚಿರತೆ ಕಾಣೆಯಾಗಿತ್ತು. ತೋಳ ಶೇ 77ರಷ್ಟು ಕಡೆ ಇಲ್ಲ. ಸೀಳುನಾಯಿ ಶೇ 95ರಷ್ಟು ಕಡೆ ಇಲ್ಲ. ಪಾಂಡಾಕ್ಕೆ ಬಿದಿರು ಸಾಕು, ಪುಟ್ಟ ಹರವಿನಲ್ಲಿ ಬದುಕುತ್ತದೆ. ಚಿರತೆಗೂ ಸೀಳುನಾಯಿಗೂ ಬೇಟೆ ಬೇಕು, ಹತ್ತಾರು ಮೈಲಿ ಓಡಾಟ ಬೇಕು. ಪಾಂಡಾದ ಅಳತೆಗೆ ಹೊಲಿದ ಅಂಗಿ ಅವಕ್ಕೆ ಸಾಲಲಿಲ್ಲ. ಒಂದರ ನೆರಳಿನಲ್ಲಿ ಎಲ್ಲವೂ ತಾವಾಗಿಯೇ ಬದುಕಿಕೊಳ್ಳುತ್ತವೆ ಎಂದು ಅಲ್ಲಿಯವರೆಗೆ ನಾನೂ ನಂಬಿದ್ದೆ.

ನಮ್ಮ ದೇಶದ ಪಲ್ಲಕ್ಕಿ ಹುಲಿಯದ್ದು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳು. ಹುಲಿಗೆ ಜಿಂಕೆ ಬೇಕು, ಜಿಂಕೆಗೆ ಹುಲ್ಲು, ಹುಲ್ಲಿಗೆ ನೆಲ ನೀರು. ಹಾಗಾಗಿ ಹುಲಿಯ ಹೆಸರಿನಲ್ಲಿ ಎಷ್ಟೋ ಜೀವಗಳು, ಕಬಿನಿಯಂಥ ಹೊಳೆಗಳ ಕಾಡಂಚು ಉಳಿದವು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಲ್ಲಕ್ಕಿ ಹೊತ್ತವರಲ್ಲಿ ಕಾಡಿನ ಜನರ ಹೆಗಲೂ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 1970ರ ದಶಕದಲ್ಲಿ, ಅದು ಅಭಯಾರಣ್ಯವಾದಾಗ, ಕಾಡೊಳಗಿನ ತಮ್ಮ ಹಾಡಿಗಳಾದ ಪೋಡುಗಳನ್ನು ಬಿಟ್ಟು ಬರಬೇಕಾಯಿತು. ಹುಲಿಯನ್ನು ದೇವರೆಂದು ಪೂಜಿಸುವ ಜನ ಅವರು. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಾಮುದಾಯಿಕ ಹಕ್ಕುಗಳಿಗೂ ಮನ್ನಣೆ ಸಿಕ್ಕಿತು. ಹುಲಿ ಕಾಡೊಳಗೆ ಇಂಥ ಹಕ್ಕು ಪಡೆದ ಮೊದಲಿಗರು ಸೋಲಿಗರು. ಆ ಸುದ್ದಿ ಬಂದ ದಿನ ನನಗಾದ ನೆಮ್ಮದಿ ಹುಲಿ ಗಣತಿಯ ಯಾವ ಅಂಕಿ ಓದಿದಾಗಲೂ ಆಗಿಲ್ಲ.

ಇನ್ನು ಹುಲಿಯೂ ಇಲ್ಲದ, ಆನೆಯೂ ಇಲ್ಲದ ನೆಲಗಳ ಗತಿ? ಬಳ್ಳಾರಿ, ಕೊಪ್ಪಳ, ಗದಗದ ಎರೆನೆಲದ ಹುಲ್ಲುಗಾವಲುಗಳನ್ನು ಕಂದಾಯದ ಭಾಷೆಯಲ್ಲಿ ಬೀಳು ಅನ್ನುತ್ತೇವೆ. ಮರವಿಲ್ಲದ ಕಡೆ ಕಾಡಿಲ್ಲ, ಕಾಡಿಲ್ಲದ ಕಡೆ ಕಾಯುವುದೇನೂ ಇಲ್ಲ ಎಂಬ ಭಾವನೆ. ಆ ನೆಲದ ದೊರೆ ಎರೆಭೂತ ಹಕ್ಕಿ. ಹೆಸರಿನಲ್ಲೇ ಎರೆ ಇದೆ. ಸಿರಗುಪ್ಪದ ಸುತ್ತಮುತ್ತ ಬೆರಳೆಣಿಕೆಯಷ್ಟು ಕಂಡರೆ ಅದೇ ಸುದ್ದಿ. ರಾಷ್ಟ್ರಪಕ್ಷಿಯನ್ನು ಆರಿಸುವ ಮಾತು ಬಂದಾಗ ಪಕ್ಷಿತಜ್ಞ ಸಲೀಂ ಅಲಿ ಈ ಹಕ್ಕಿಯನ್ನೇ ಮಾಡಿ ಎಂದಿದ್ದರು. 1963ರಲ್ಲಿ ಆದದ್ದು ನವಿಲು. ಎರೆಭೂತವಾಗಿದ್ದರೆ ಶಾಲೆಯ ಪಠ್ಯದಲ್ಲಿ, ನೋಟು ಪುಸ್ತಕದ ರಟ್ಟಿನಲ್ಲಿ ಅದರ ಚಿತ್ರ ನೋಡಿ ಬೆಳೆದ ಎರಡು ಮೂರು ತಲೆಮಾರು ಹುಲ್ಲುಗಾವಲನ್ನು ಬೀಳು ಎನ್ನುತ್ತಿತ್ತೇ ಎಂದು ಆಗಾಗ ಯೋಚಿಸುತ್ತೇನೆ. ಪಲ್ಲಕ್ಕಿಯಲ್ಲಿ ಯಾರನ್ನು ಕೂರಿಸುತ್ತೇವೆ ಎಂಬುದು ಅಷ್ಟು ದೊಡ್ಡ ತೀರ್ಮಾನ.

ಆ ತೀರ್ಮಾನ ದೆಹಲಿಯದೋ ಬೆಂಗಳೂರಿನದೋ ಆಗಬೇಕಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ ಅಲ್ಲಿಯವರು. ಹಿಕ್ಕೆಯ ನಾತ ಸಹಿಸುತ್ತಾರೆ, ಹುಣಸೆ ಫಸಲಿನ ನಷ್ಟವನ್ನೂ ಸಹಿಸಿದ್ದಾರೆ. ಯಾರೂ ಫಲಕ ಹಾಕುವ ಮುಂಚೆಯೇ ಆ ಊರು ತನ್ನ ಹಕ್ಕಿಯನ್ನು ಆರಿಸಿಕೊಂಡಿತ್ತು.

ಈಗ ನಮ್ಮ ಕಡೆಯ ಕಾಡಿನ ಮೇಲೆ ಹೊಸ ನೆರಳು ಬಿದ್ದಿದೆ. ಪಕ್ಕದ ಶರಾವತಿ ಕಣಿವೆಯ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಕೆಳಗಿನ ನೀರನ್ನು ಮೇಲೆತ್ತಿ, ಬೇಕಾದಾಗ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು. ಹೆಚ್ಚಿನ ಕೆಲಸ ನೆಲದಡಿಯ ಸುರಂಗಗಳಲ್ಲಿ ಎನ್ನುತ್ತಾರೆ. ಸುರಂಗಕ್ಕೂ ರಸ್ತೆ ಬೇಕು, ಅಗೆದ ಮಣ್ಣು ಸುರಿಯಲು ಜಾಗ ಬೇಕು, ತಂತಿ ಹಾಯಲು ಕಾಡಿನಲ್ಲಿ ಸೀಳು ಬೇಕು. ವಿರೋಧದ ಸಭೆಗಳಲ್ಲಿ ಮತ್ತೆ ಅದೇ ಬೆಳ್ಳಿ ಕೇಸರದ ಮುಖ. ನಾನೂ ಆ ಭಿತ್ತಿಪತ್ರ ಹಂಚಿದ್ದೇನೆ, ಮುಂದೆಯೂ ಹಂಚುತ್ತೇನೆ. ಹೀಗೆ ಹಂಚುವಾಗಲೇ ಹೊನ್ನಾವರದ ಕಡೆಯ ಒಬ್ಬರು ಕೇಳಿದ್ದರು: ಮಂಗನಿಗೆ ತೊಂದರೆಯಾಗದ ಹಾಗೆ ಕೊಂಬೆಯಿಂದ ಕೊಂಬೆಗೆ ಹಗ್ಗದ ಸೇತುವೆ ಕಟ್ಟಿಕೊಡುತ್ತೇವೆ ಅಂದರೆ ಆಗ ಏನು ಹೇಳುತ್ತೀರಿ? ಬರೀ ಸಿಂಗಳೀಕದ ಮಾತಾಡಿದರೆ ಬರೀ ಸಿಂಗಳೀಕಕ್ಕೆ ಪರಿಹಾರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅವತ್ತಿನಿಂದ ನಾನು ಎಲ್ಲಿ ಮಾತಾಡಿದರೂ ಸಿಂಗಳೀಕದಿಂದ ಶುರುಮಾಡಿ ಜಡ್ಡಿಗೆ ಬಂದು ನಿಲ್ಲಿಸುತ್ತೇನೆ.

ಜಡ್ಡಿ ಅಂದರೆ ಕಾನಿನೊಳಗಿನ ಸಿಹಿನೀರಿನ ಕೆಸರು ಕಾಡು. ರಾಮಪತ್ರೆಯ ಜಾತಿಯ ಮರಗಳು ಕೆಸರಿನಲ್ಲಿ ಉಸಿರಾಡಲು ಬೇರುಗಳನ್ನು ಮಡಿಸಿದ ಮೊಣಕಾಲಿನಂತೆ ಮೇಲೆತ್ತಿರುತ್ತವೆ. ಮಲೆಮನೆ ಘಟ್ಟದ ಹತ್ತಿರದ ಕತ್ತಲೆಕಾನಿನ ಜಡ್ಡಿಯಲ್ಲಿ ಗೇರಿನ ಕುಟುಂಬದ ಒಂದು ಮರ ಸಿಕ್ಕಿ, 2000ರಲ್ಲಿ ವಿಜ್ಞಾನಿಗಳು ಅದಕ್ಕೆ ಆ ಕಾನಿನ ಹೆಸರನ್ನೇ ಇಟ್ಟರು. ಉತ್ತರ ಕನ್ನಡದ ಕೆಲವೇ ಜಡ್ಡಿಗಳು ಬಿಟ್ಟರೆ ಆ ಮರಕ್ಕೆ ಮನೆಯಿಲ್ಲ. ಬೇಸಿಗೆಯಲ್ಲೂ ಬತ್ತದ ಇಂಥ ಒರತೆಗಳ ನೀರೇ ಹಳ್ಳವಾಗಿ, ಹಳ್ಳ ಹೊಳೆಯಾಗಿ ಕೆಳಗಿಳಿಯುವುದು. ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಉಂಚಳ್ಳಿಯಲ್ಲಿ ಧುಮುಕಿ, ಕುಮಟಾದ ಹತ್ತಿರ ತದಡಿಯಲ್ಲಿ ಸಮುದ್ರ ಸೇರುವ ತನಕ ಅದು ತನ್ನಷ್ಟಕ್ಕೆ ಹರಿಯುತ್ತದೆ. ಅದರ ಅಳಿವೆಯಲ್ಲಿ ಇಳಿತದ ಹೊತ್ತು ಸೊಂಟಮಟ್ಟ ನೀರಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿ ಆರಿಸುವ ಹೆಂಗಸರಿದ್ದಾರೆ. 2024ರಲ್ಲಿ ಆ ಅಳಿವೆ ರಾಮ್ಸರ್ ತಾಣ, ಅಂದರೆ ಜಗತ್ತೇ ಮಹತ್ವದ್ದೆಂದು ಗುರುತಿಸಿದ ಜೌಗುನೆಲೆ, ಆಯಿತು. ಸಿಂಗಳೀಕವನ್ನು ಅವರಲ್ಲಿ ಹೆಚ್ಚಿನವರು ನೋಡಿಯೇ ಇರಲಿಕ್ಕಿಲ್ಲ.

ಕಾರು ಕಂಡ ಆ ಜುಲೈ ದಿನ ಮಾವನನ್ನು ಕರೆದುಕೊಂಡು ಹೊರಟಿದ್ದು ಒಂದು ಕಪ್ಪೆ ತೋರಿಸಲು. ಸಂಜೆ ಏಳರ ಸುಮಾರಿಗೆ ರಸ್ತೆ ಪಕ್ಕದ ಹಳ್ಳದ ಹತ್ತಿರ ಬೈಕು ನಿಲ್ಲಿಸಿದೆವು. ಮಳೆ ಸ್ವಲ್ಪ ಬಿಟ್ಟಿತ್ತು. ಉಂಬಳಕ್ಕೆಂದು ಮಾವ ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡು ಬಂದಿದ್ದರು. ಕುಂಬಾರ ಕಪ್ಪೆ ಎಂದು ಅದಕ್ಕೆ ಹೆಸರಿಟ್ಟದ್ದು 2014ರಲ್ಲಿ, ಕಪ್ಪೆಗಳ ಸಂಶೋಧಕ ಕೆ.ವಿ. ಗುರುರಾಜ ಮತ್ತು ಅವರ ಜೊತೆಗಾರರು. ಹೆಬ್ಬೆರಳಿನಷ್ಟು ಉದ್ದ, ಕೆಸರಿನದೇ ಬಣ್ಣ. ಹೆಣ್ಣು ಮುಂಗಾಲ ಮೇಲೆ ತಲೆಕೆಳಗಾಗಿ ನಿಂತು, ನೀರಿನ ಮೇಲೆ ಚಾಚಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ, ಕುಂಬಾರ ಮಡಕೆಗೆ ಮಣ್ಣು ಸವರಿದ ಹಾಗೆ. ಒಣಗದ ಹಾಗೆ, ತಿನ್ನುವವರ ಕಣ್ಣಿಗೆ ಬೀಳದ ಹಾಗೆ ಇರಲೆಂದು ಇರಬೇಕು.

ಟಾರ್ಚಿನ ಬೆಳಕಿನಲ್ಲಿ ಒಂದು ಕಡ್ಡಿ ತೋರಿಸಿದೆ. ಅದರ ಮೇಲೆ ಎರಡು ಗುಲಗಂಜಿ ಸೇರಿದಷ್ಟು ಕೆಸರಿನ ಉಂಡೆಗಳು ಸಾಲಾಗಿ ಅಂಟಿದ್ದವು. ಮಳೆಗೆ ಸಿಡಿದ ಮಣ್ಣು ಎಂದು ಯಾರಾದರೂ ದಾಟಿ ಹೋಗುವಂಥದ್ದು. ಮಾವ ಕನ್ನಡಕ ಒರೆಸಿಕೊಂಡು ಬಗ್ಗಿದರು. ತುಂಬ ಹೊತ್ತು ಹಾಗೇ ನೋಡಿದರು.

ಅಷ್ಟರಲ್ಲಿ ಕಲ್ಲಿನ ಸಂದಿಯಿಂದ ಟೊಕ್... ಟೊಕ್... ಎಂದಿತು. ಒಂದು ನಿಂತರೆ ಆಚೆ ದಡದಿಂದ ಇನ್ನೊಂದು. ಮಾವ ಕೈಸನ್ನೆ ಮಾಡಿ ಟಾರ್ಚ್ ಆರಿಸು ಎಂದರು.

“ಇದು ಕಪ್ಪೆಯನಾ?” ಕತ್ತಲಲ್ಲಿ ಅವರ ದನಿ ಸಣ್ಣಗಾಗಿತ್ತು. “ಯಂಗ ಸಣ್ಣಕಿದ್ದಾಗ ಹೊಳೆ ಬದಿಗೆ ಯಾರೋ ಕಟ್ಟಿಗೆ ಕಡೀತಾ ಇದ್ದ ಹೇಳಿ ಮಾಡಿದ್ಯ.”

ಮತ್ತೆ ಟೊಕ್ ಎಂದಿತು. ಮಳೆ ಹನಿಯತೊಡಗಿದರೂ ಮಾವ ಬೈಕಿನ ಕಡೆ ತಿರುಗಲಿಲ್ಲ.